ಲ್ಯಾಪ್‌ಟಾಪ್ ಆನ್ ಆಗದಿದ್ದರೆ ದುರ್ಗಿಗುಡಿಯ ಈ ಅಂಗಡಿಗೆ ಒಮ್ಮೆ ತೋರಿಸಿ

ಶಿವಮೊಗ್ಗದಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿಗಳಿಗೇನೂ ಬರವಿಲ್ಲ. ಆದರೆ ಆನ್ ಆಗದ ಲ್ಯಾಪ್‌ಟಾಪನ್ನು ನಮ್ಮ ಕಣ್ಣೆದುರೇ ಬಿಚ್ಚಿ, ಕೆಟ್ಟಿರುವುದು ಯಾವುದು ಅಂತ ಹುಡುಕಿ ತೋರಿಸುವವರು ಕಡಿಮೆ. ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ ಮೆಟ್ಟಿಲು ಹತ್ತಿ ಹೋಗಬೇಕಾದ ಈ ಚಿಕ್ಕ ಅಂಗಡಿಗೆ ನಾನು ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿರುವುದು ಅದಕ್ಕೇ.

ನಮ್ಮದು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಇನ್ನು ಲ್ಯಾಪ್‌ಟಾಪ್ ಯಾವ ಲೆಕ್ಕ. ಒಂದು ಬೆಳಿಗ್ಗೆ ಬಟನ್ ಒತ್ತಿದರೆ ಲೈಟ್ ಬಂತು, ಫ್ಯಾನ್ ತಿರುಗಿತು, ಸ್ಕ್ರೀನ್ ಮಾತ್ರ ಕಪ್ಪು. ಕ್ಯಾಪ್ಸ್ ಲಾಕ್ ದೀಪ ಮಿಣುಕ್ ಮಿಣುಕ್ ಅನ್ನುತ್ತಿತ್ತು. ಮೊದಲು ತೋರಿಸಿದ ಕಡೆ, ಹೆಸರು ಬೇಡ ಬಿಡಿ, "ಮದರ್‌ಬೋರ್ಡ್ ಹೋಗಿದೆ ಸಾರ್, ಹೊಸದು ತಗೊಳ್ಳೋದೇ ವಾಸಿ" ಅಂದುಬಿಟ್ಟರು. ಸ್ಕ್ರೂಡ್ರೈವರ್ ಕೂಡ ಕೈಗೆ ತಗೊಂಡಿರಲಿಲ್ಲ.

ದುರ್ಗಿಗುಡಿಯ ಹುಡುಗ ಮೊದಲು ಕೇಳಿದ್ದು "ಆ ದೀಪ ಎಷ್ಟು ಸಲ ಮಿನುಗಿ ನಿಲ್ಲುತ್ತೆ ಸಾರ್?" ಅಂತ. ಅದು ಸುಮ್ನೆ ಮಿನುಗುವುದಲ್ಲವಂತೆ. ಸ್ಕ್ರೀನ್ ಬರುವ ಮೊದಲೇ ತೊಂದರೆ ಆದರೆ ಲ್ಯಾಪ್‌ಟಾಪ್ ಹೀಗೆ ಮಿನುಗಿಯೋ ಬೀಪ್ ಮಾಡಿಯೋ ಹೇಳುತ್ತದೆ, ಯಾವ ಎಣಿಕೆಗೆ ಏನರ್ಥ ಅನ್ನುವುದು ಕಂಪನಿ, ಮಾಡೆಲ್ ಮೇಲೆ ಹೋಗುತ್ತದೆ. ನನ್ನದರ ಎಣಿಕೆ ನೋಡಿ ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್ ಕಡೆ ಬೊಟ್ಟು ಮಾಡಿದ, ಹಾಗಂತ ನೇರ ಅದಕ್ಕೇ ಕೈ ಹಾಕಲಿಲ್ಲ. ಅಡಾಪ್ಟರ್‌ಗೆ ಮಲ್ಟಿಮೀಟರ್ ಇಟ್ಟ, ಮೇಲೆ ಬರೆದಿದ್ದ 19.5 ವೋಲ್ಟ್ ಸರಿಯಾಗಿ ಬರುತ್ತಿತ್ತು. ಎಚ್‌ಡಿಎಂಐ ಕೇಬಲ್ ಹಾಕಿ ಬೇರೆ ಮಾನಿಟರ್‌ಗೆ ಕೊಟ್ಟ. ಅಲ್ಲಿ ಚಿತ್ರ ಬಂದಿದ್ದರೆ ಸ್ಕ್ರೀನೋ ಅದರ ಕೇಬಲ್ಲೋ ಕೆಟ್ಟಿದೆ ಅಂತ ಅಲ್ಲಿಗೇ ಮುಗಿಯುತ್ತಿತ್ತು. ಬರಲಿಲ್ಲ.

ಆಮೇಲೆ ಹಿಂದಿನ ಮುಚ್ಚಳ ಬಿಚ್ಚಿ, ಬ್ಯಾಟರಿ ಕನೆಕ್ಟರ್ ತೆಗೆದು, ಉಳಿದ ಕರೆಂಟ್ ಇಳಿಯಲಿ ಅಂತ ಪವರ್ ಬಟನನ್ನು ಅರ್ಧ ನಿಮಿಷ ಒತ್ತಿ ಹಿಡಿದ. ಎರಡೂ ರ‍್ಯಾಮ್ ತೆಗೆದು ಒಂದನ್ನೇ ಹಾಕಿ ನೋಡಿದ, ಆಗಲಿಲ್ಲ. ಅದನ್ನೇ ಪಕ್ಕದ ಸ್ಲಾಟ್‌ಗೆ ಹಾಕಿದ ತಕ್ಷಣ ಲೋಗೋ ಬಂತು! ಇನ್ನೊಂದು ರ‍್ಯಾಮ್ ಕೂಡ ಅದೇ ಸ್ಲಾಟ್‌ನಲ್ಲಿ ಓಡಿತು. ಅಂದರೆ ರ‍್ಯಾಮ್ ಎರಡೂ ಸರಿ ಇವೆ, ಸ್ಲಾಟ್ ಒಂದೇ ಕಳ್ಳ. ಟಾರ್ಚ್ ಬಿಟ್ಟು ಭೂತಗನ್ನಡಿ ನನ್ನ ಕೈಗೇ ಕೊಟ್ಟ. ಸ್ಲಾಟಿನ ಸಂದಿಯಲ್ಲಿ ಸಣ್ಣ ಇರುವೆಗಳು ಸತ್ತು ಒಣಗಿ ಅಂಟಿಕೊಂಡಿದ್ದವು, ಎರಡು ಮೂರು ಪಿನ್‌ಗಳ ಮೇಲೆ ಹಸಿರು ಕಿಲುಬು. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ ಒಣಗಿಸಿದ, ಎರಡೂ ರ‍್ಯಾಮ್ ಹಾಕಿದ, ಆನ್ ಆಯಿತು. ಮದರ್‌ಬೋರ್ಡ್ ಹೋಗಿದೆಯಂತೆ, ಮಾರಾಯ್ರೆ!

ಅಷ್ಟಕ್ಕೇ ಮುಚ್ಚಿ ಕೊಡಲಿಲ್ಲ ಅನ್ನುವುದು ನನಗೆ ಜಾಸ್ತಿ ಹಿಡಿಸಿತು. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದ, ಫೈಲ್‌ಗಳೆಲ್ಲ ಇರುವ ಎಸ್‌ಎಸ್‌ಡಿ ಡಿಸ್ಕಿನ ಆರೋಗ್ಯ ನೋಡಿದ, ಗಡಿಯಾರ ಹಿಂದೆ ಬೀಳುತ್ತಿತ್ತು ಅಂದಿದ್ದಕ್ಕೆ ಬೋರ್ಡ್ ಮೇಲಿನ 3 ವೋಲ್ಟ್ ಗುಂಡಿ ಸೆಲ್ ಬದಲಾಯಿಸಿದ. ಬಿಚ್ಚುವ ಮೊದಲೇ, ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್‌ನ ಕೀ ಇದೆಯಾ ಅಂತ ಕೇಳಿದ್ದ. ಬೋರ್ಡ್ ಬದಲಾಯಿಸಿದರೆ, ಡಿಸ್ಕನ್ನು ಬೇರೆ ಲ್ಯಾಪ್‌ಟಾಪ್‌ಗೆ ಹಾಕಿದರೆ ವಿಂಡೋಸ್ ಆ 48 ಅಂಕಿಯ ಕೀ ಕೇಳುತ್ತದೆ, ಇಲ್ಲದಿದ್ದರೆ ಫೋಟೋ, ಲೆಕ್ಕ ಎಲ್ಲ ಒಳಗೇ ಉಳಿದುಹೋಗುತ್ತದೆ. ಎಷ್ಟೋ ಜನರಿಗೆ ಬಿಟ್‌ಲಾಕರ್ ಆನ್ ಆಗಿರುವುದೇ ಗೊತ್ತಿರುವುದಿಲ್ಲ. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಒಮ್ಮೆ ಕೀ ಹುಡುಕಿ ನೋಡಿ, ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ನಾನು ಕಾಯುತ್ತಿದ್ದಾಗ ಸಾಗರದವರೊಬ್ಬರ ಲ್ಯಾಪ್‌ಟಾಪ್ ಬಂತು. ಸಿಡಿಲು ಹೊಡೆದ ರಾತ್ರಿ ಚಾರ್ಜ್‌ಗೆ ಹಾಕಿಟ್ಟಿದ್ದರಂತೆ, ಈಗ ಲೈಟೂ ಇಲ್ಲ. ಅದಕ್ಕೆ ಟೇಬಲ್ ಮೇಲಿನ ಪವರ್ ಸಪ್ಲೈ ಕೊಟ್ಟ ಕೂಡಲೇ ವೋಲ್ಟೇಜ್ ಕುಸಿದು ಕರೆಂಟ್ ಮೇಲಕ್ಕೆ ಏರಿತು. "ಇದು ಶಾರ್ಟ್ ಅಣ್ಣ, ಚಿಪ್ ಮಟ್ಟದ ಕೆಲಸ, ನಾನು ಮಾಡಲ್ಲ, ಬೆಂಗಳೂರಿಗೆ ಕಳಿಸಬೇಕು" ಅಂತ ನೇರವಾಗಿ ಹೇಳಿದ. ನೋಡಿದ್ದಕ್ಕೆ 300 ರೂಪಾಯಿ ಮಾತ್ರ ತಗೊಂಡ. ರಿಪೇರಿ ಆಗದಿದ್ದರೂ ಆ 300 ಕೊಡಲೇಬೇಕು, ಕೆಲವರು ಅದಕ್ಕೆ ಗೊಣಗುತ್ತಾರೆ. ನನಗೇನೋ ಅದು ನ್ಯಾಯ ಅನ್ನಿಸಿತು, ಹುಡುಕುವುದೇ ತಾನೇ ಅರ್ಧ ಕೆಲಸ.

ಒಂದು ಸ್ಟಾರ್ ಕಡಿಮೆ ಯಾಕೆ ಅಂದರೆ, ಫೋನ್ ಎತ್ತುವುದಿಲ್ಲ, ಕೂರಲು ಇರುವುದು ಒಂದೇ ಸ್ಟೂಲು, ಬಿಲ್ ಕೇಳಿದರೆ ಮಾತ್ರ ಬರೆಯುತ್ತಾರೆ. ಸಂಜೆ ಅಲ್ಲಿ ಬೈಕ್ ನಿಲ್ಲಿಸಲೂ ಜಾಗ ಸಿಗುವುದಿಲ್ಲ, ಬೆಳಿಗ್ಗೆಯೇ ಹೋಗಿ. ಚಾರ್ಜರ್ ಮರೆಯಬೇಡಿ, ಅದಿಲ್ಲದೆ ಲ್ಯಾಪ್‌ಟಾಪ್ ಮುಟ್ಟುವುದಿಲ್ಲ.