ಬೆಳಗಿನ ಹಾಲಿಗೆ ಮುಂಚೆ: ಪೋಸ್ಟ್‌ಗ್ರೆಸ್ ಅಂಕಿಅಂಶ ಉಳಿಸಿಕೊಳ್ಳುವ ದಾರಿಗಳ ಹೋಲಿಕೆ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ದೊಡ್ಡ ಆವೃತ್ತಿ ಬದಲಿಸಿದವರಿಗೆಲ್ಲ ಈ ಕಾಟ ಗೊತ್ತಿರುತ್ತದೆ. ಡೇಟಾ ಪೂರ್ತಿ ಬಂದಿದೆ, ಇಂಡೆಕ್ಸ್‌ಗಳು ಇವೆ, ಎರರ್ ಒಂದೂ ಇಲ್ಲ. ಆದರೂ ನಿನ್ನೆ ತಕ್ಷಣ ಬರುತ್ತಿದ್ದ ರಿಪೋರ್ಟ್ ಇವತ್ತು ಸುತ್ತುತ್ತಾ ಕೂತಿದೆ. ಕಾರಣ ಬಹುಪಾಲು ಒಂದೇ. ಡೇಟಾ ಬಂತು, ಆ ಡೇಟಾದ ಬಗ್ಗೆ ಪ್ಲ್ಯಾನರ್ (ಕೇಳಿದ್ದನ್ನು ಯಾವ ದಾರಿಯಲ್ಲಿ ಹುಡುಕಬೇಕು ಅಂತ ತೀರ್ಮಾನಿಸುವ ಭಾಗ) ಇಟ್ಟುಕೊಂಡಿದ್ದ ಲೆಕ್ಕ, ಅಂದರೆ ಅಂಕಿಅಂಶ, ಬರಲಿಲ್ಲ.

ನಮ್ಮದು ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಸಣ್ಣ ಆಫೀಸು. ಮಂಡ್ಯ ಜಿಲ್ಲೆಯ ಕೆಲವು ಹಾಲಿನ ಡೇರಿಗಳ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇವೆ. ರೈತರು ಬೆಳಿಗ್ಗೆ, ಸಂಜೆ ಹಾಲು ಹಾಕುತ್ತಾರೆ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ದಾಖಲಾಗಿ ಸ್ಲಿಪ್ ಬರುತ್ತದೆ. ಆಮೇಲೆ ಬಟವಾಡೆ. ಹಾಗಾಗಿ ಸರ್ವರ್ ನಿಲ್ಲಿಸೋಕೆ ನಮಗೆ ಸಿಗುವುದು ಸಂಜೆ ಹಾಲು ಮುಗಿದ ಮೇಲಿಂದ ಬೆಳಗಿನ ಹಾಲು ಶುರುವಾಗುವ ತನಕ ಅಷ್ಟೇ. ಭಾನುವಾರ ಮಾಡೋಣ, ಹಬ್ಬದ ದಿನ ಮಾಡೋಣ ಅನ್ನುವ ಹಾಗಿಲ್ಲ. ಹಸುವಿಗೆ ಎಲ್ಲಿಯ ರಜೆ?

2025ರ ನವೆಂಬರ್‌ಗೆ 13ನೇ ಆವೃತ್ತಿಯ ಬೆಂಬಲ ಮುಗಿಯಿತು. ಅದಕ್ಕೆ ಸ್ವಲ್ಪ ಮುಂಚೆ, ಸೆಪ್ಟೆಂಬರ್‌ನಲ್ಲಿ, 18 ಬಂದಿತ್ತು. ನಮ್ಮ ಕೆಲವು ಸರ್ವರ್‌ಗಳು ಆಗಲೇ 17ಕ್ಕೆ ಹೋಗಿದ್ದವು, ಉಳಿದವು 13ರಲ್ಲೇ ಇದ್ದವು. ಹೀಗಾಗಿ ಹಳೆ ದಾರಿ, ಹೊಸ ದಾರಿ ಎರಡನ್ನೂ ಒಂದೇ ತರಹದ ಡೇಟಾ ಮೇಲೆ ನೋಡುವ ಅವಕಾಶ ಸಿಕ್ಕಿತು.

ಮೊದಲು, ಲೆಕ್ಕ ಇಲ್ಲದಿದ್ದರೆ ಪ್ಲ್ಯಾನರ್ ಏನು ಮಾಡುತ್ತದೆ ಅಂತ ನೋಡಿ. ಅನಲೈಸ್ ಆದೇಶ ಪ್ರತಿ ಟೇಬಲ್‌ನಿಂದ ಒಂದಿಷ್ಟು ಸಾಲು ಆರಿಸಿ ನೋಡುತ್ತದೆ. ಎಷ್ಟು ವಿವರವಾಗಿ ನೋಡಬೇಕು ಅಂತ ಹೇಳುವ ಸೆಟ್ಟಿಂಗ್ ಟಾರ್ಗೆಟ್. ಅದು 100 ಇದ್ದರೆ 30,000 ಸಾಲು. ಯಾವ ಬೆಲೆ (ಕಾಲಮ್‌ನಲ್ಲಿ ಬರೆದಿರುವ ಮೌಲ್ಯ, ಹಾಲಿನ ದರವಲ್ಲ) ಜಾಸ್ತಿ ಬರುತ್ತದೆ, ಒಟ್ಟು ಎಷ್ಟು ಬೇರೆ ಬೇರೆ ಬೆಲೆಗಳಿವೆ, ಅವು ಹೇಗೆ ಹರಡಿವೆ ಅನ್ನುವುದನ್ನು ಪಿಜಿ_ಸ್ಟ್ಯಾಟಿಸ್ಟಿಕ್ ಅನ್ನುವ ಕೆಟಲಾಗ್‌ನಲ್ಲಿ ಬರೆದಿಡುತ್ತದೆ. ಅದು ಖಾಲಿಯಾದರೆ ಪ್ಲ್ಯಾನರ್ ಊರಿಗೆ ಹೊಸದಾಗಿ ಬಂದ ಡೇರಿ ಸೆಕ್ರೆಟರಿ ಇದ್ದ ಹಾಗೆ. ಪುಸ್ತಕ ಕೈಯಲ್ಲಿದೆ, ಯಾರ ಮನೆಯಿಂದ ಎಷ್ಟು ಹಾಲು ಬರುತ್ತದೆ ಅಂತ ಗೊತ್ತಿಲ್ಲ.

ಮಂಡ್ಯ ಜಿಲ್ಲೆಯಲ್ಲಿ ಏಳು ತಾಲೂಕು. ಒಂದು ಕೋಟಿ ಸಾಲಿನ ಟೇಬಲ್‌ನಲ್ಲಿ ಮದ್ದೂರು ತಾಲೂಕಿನವು ಎಷ್ಟು ಅಂತ ಕೇಳಿದರೆ, ಎಲ್ಲ ತಾಲೂಕೂ ಸಮ ಅಂತಿಟ್ಟುಕೊಂಡರೂ 14 ಲಕ್ಷ ಅನ್ನಬೇಕು. ಅಂಕಿಅಂಶ ಇಲ್ಲದ ಪ್ಲ್ಯಾನರ್, ಈ ಕಾಲಮ್‌ನಲ್ಲಿ 200 ಬೇರೆ ಬೇರೆ ಬೆಲೆಗಳಿರಬಹುದು ಅಂದುಕೊಳ್ಳುತ್ತದೆ. ಅಲ್ಲಿಗೆ ಉತ್ತರ 50,000. ಇದಕ್ಕೆ ಬಟವಾಡೆಯ ವಾರದ ತಾರೀಖು, ಇಲ್ಲಿಂದ ಇಲ್ಲಿಯವರೆಗೆ ಅನ್ನುವ ಷರತ್ತು ಸೇರಿಸಿ. ಅದಕ್ಕೂ ಕಣ್ಣುಮುಚ್ಚಿ 0.005 ಅಂತ ಗುಣಿಸುತ್ತದೆ. 50,000 ಇಳಿದು 250 ಆಯಿತು. ಬರೀ 250 ಸಾಲು ತಾನೇ ಅಂತ ನೆಸ್ಟೆಡ್ ಲೂಪ್ ಹಿಡಿಯುತ್ತದೆ, ಅಂದರೆ ಒಂದೊಂದು ಸಾಲಿಗೂ ಇನ್ನೊಂದು ಟೇಬಲ್‌ನಲ್ಲಿ ಹೋಗಿ ಹುಡುಕುವ ದಾರಿ, ಸಾಲು ಕಡಿಮೆ ಇದ್ದರೆ ಮಾತ್ರ ಸರಿ. ನಿಜವಾಗಿ ಬರುವುದು ಅದರ ಎಷ್ಟೋ ಪಟ್ಟು. ಡೇಟಾಬೇಸ್‌ಗೆ ಕೇಳಿದ ಪ್ರಶ್ನೆ (ಕ್ವೆರಿ) ಹೇಗೆ ಓಡಿತು ಅಂತ ತೋರಿಸುವ ಎಕ್ಸ್‌ಪ್ಲೇನ್ ಅನಲೈಸ್ ಹಾಕಿದರೆ ಅಂದಾಜಿನ ಸಾಲು, ನಿಜದ ಸಾಲು ಪಕ್ಕಪಕ್ಕದಲ್ಲೇ ಕಾಣುತ್ತವೆ. ಎರಡೂ ಒಂದೇ ಟೇಬಲ್‌ನವಾ ಅಂತ ಅನುಮಾನ ಬರುವಷ್ಟು ದೂರ ಇರುತ್ತವೆ.

ಹಿಂದೆ ತಾನೇ ಓಡಿ ಸ್ವಚ್ಛತೆ, ಅನಲೈಸ್ ಮಾಡುವ ಆಟೋವ್ಯಾಕ್ಯೂಮ್ ನೋಡಿಕೊಳ್ಳುತ್ತದಲ್ವಾ ಅಂತ ಕೇಳಬಹುದು. ದಿನಾ ಸಾಲು ಸೇರುವ ಟೇಬಲ್‌ಗೆ ಬೇಗ ಬರುತ್ತದೆ, ನಿಜ. ದೊಡ್ಡ ಟೇಬಲನ್ನು ತುಂಡು ತುಂಡಾಗಿ ಇಟ್ಟಿದ್ದರೆ, ಹೋದ ವರ್ಷದ ತುಂಡಿನಲ್ಲಿ, ಅಂದರೆ ಪಾರ್ಟಿಷನ್‌ನಲ್ಲಿ, ಯಾರೂ ಏನೂ ಬದಲಿಸುವುದಿಲ್ಲ. ಬದಲಾವಣೆ ಇಲ್ಲ ಅಂದಮೇಲೆ ಅದು ಅತ್ತ ತಲೆ ಹಾಕುವುದಿಲ್ಲ. ಪಾರ್ಟಿಷನ್‌ಗಳ ತಾಯಿ ಟೇಬಲ್‌ಗಂತೂ ಆಟೋವ್ಯಾಕ್ಯೂಮ್ ಅನಲೈಸ್ ಮಾಡುವುದೇ ಇಲ್ಲ. ವರ್ಷದ ಬೋನಸ್ ರಿಪೋರ್ಟ್ ಓಡುವುದು ಆ ಟೇಬಲ್‌ಗಳ ಮೇಲೆಯೇ.

ಈಗ ದಾರಿಗಳಿಗೆ ಬರೋಣ.

17ರವರೆಗೆ, ಆವೃತ್ತಿ ಬದಲಿಸುವ ಸಾಧನವಾದ ಪಿಜಿ_ಅಪ್‌ಗ್ರೇಡ್ ಅಂಕಿಅಂಶ ತರುತ್ತಿರಲಿಲ್ಲ. ಮುಗಿದ ಮೇಲೆ, ಎಲ್ಲ ಟೇಬಲ್‌ಗೂ ಅನಲೈಸ್ ಮಾಡಿಸುವ ವ್ಯಾಕ್ಯೂಮ್‌ಡಿಬಿ ಸಾಧನವನ್ನು ನಾವೇ ಓಡಿಸಬೇಕಿತ್ತು. ಅದರಲ್ಲಿ ಸರಳವಾದದ್ದು ಪೂರ್ತಿ ಅನಲೈಸ್ ಮುಗಿಸಿ, ಆಮೇಲೆ ಬಾಗಿಲು ತೆಗೆಯುವುದು. ಜಾಬ್ಸ್ ಆಯ್ಕೆ ಕೊಟ್ಟರೆ ಹಲವು ಟೇಬಲ್‌ಗಳು ಒಟ್ಟಿಗೆ ಓಡುತ್ತವೆ. ಡೇಟಾಬೇಸ್ ಚಿಕ್ಕದಿದ್ದರೆ ಇದೇ ಸಾಕು, ಮುಂದೆ ಓದುವ ಅಗತ್ಯವೂ ಇಲ್ಲ. ನಮ್ಮ ದೊಡ್ಡ ಸರ್ವರ್‌ನಲ್ಲಿ ಮಾತ್ರ ಡಿಸ್ಕ್ ನಿಧಾನ, ಟೇಬಲ್‌ಗಳು ಜಾಸ್ತಿ. ಬ್ಯಾಕಪ್ ತೆಗೆದು, ಅಪ್‌ಗ್ರೇಡ್ ಮಾಡಿ, ಪರೀಕ್ಷೆ ಮುಗಿಸುವ ಹೊತ್ತಿಗೆ ರಾತ್ರಿ ಕಳೆದಿರುತ್ತದೆ. ಉಳಿದ ಸಮಯದಲ್ಲಿ ಅನಲೈಸ್ ಮುಗಿಯುತ್ತದೋ ಇಲ್ಲವೋ ಅನ್ನುವ ಆತಂಕ ಇದ್ದೇ ಇರುತ್ತಿತ್ತು.

ಅದಕ್ಕೆ ಎರಡನೆಯದು, ಹಂತ ಹಂತವಾಗಿ ಮಾಡುವ ಅನಲೈಸ್-ಇನ್-ಸ್ಟೇಜಸ್. ಮೊದಲ ಸುತ್ತು ಟಾರ್ಗೆಟ್ 1, ಎರಡನೆಯದು 10, ಮೂರನೆಯದು ನೀವು ಇಟ್ಟಿರುವ ಮಾಮೂಲಿ ಟಾರ್ಗೆಟ್. ಮೊದಲ ಸುತ್ತು ಬೇಗ ಮುಗಿಯುತ್ತದೆ, ಅಷ್ಟರಲ್ಲೇ ಜನರನ್ನು ಒಳಗೆ ಬಿಡಬಹುದು ಅನ್ನುವುದು ಲೆಕ್ಕ. ಕಾಗದದ ಮೇಲೆ ಚೆನ್ನಾಗಿದೆ. ಟಾರ್ಗೆಟ್ 1 ಅಂದರೆ ನೋಡುವುದು 300 ಸಾಲು, ಹೆಚ್ಚು ಬರುವ ಬೆಲೆ ಅಂತ ನೆನಪಿಟ್ಟುಕೊಳ್ಳುವುದು ಒಂದನ್ನು ಮಾತ್ರ. ಏಳು ತಾಲೂಕಿನಲ್ಲಿ ಒಂದರ ಹೆಸರು ಗೊತ್ತು, ಉಳಿದ ಆರು ಒಂದೇ ಮೂಟೆ. ಸ್ಲಿಪ್ ಹಾಕುವ ಕ್ವೆರಿಗೆ ಇಷ್ಟು ಸಾಕು, ಅದು ರೈತರ ಸಂಖ್ಯೆ ಹಿಡಿದು ನೇರ ಇಂಡೆಕ್ಸ್‌ಗೆ ಹೋಗುತ್ತದೆ. ನಾಲ್ಕು ಟೇಬಲ್ ಜೋಡಿಸುವ ಬಟವಾಡೆ ಪಟ್ಟಿಗೆ ಸಾಲದು. ಜೊತೆಗೆ ಆ ಹೊತ್ತಿನಲ್ಲಿ ಎರಡನೇ, ಮೂರನೇ ಸುತ್ತು ಹಿಂದೆ ಓಡುತ್ತಾ ಡಿಸ್ಕ್ ತಿನ್ನುತ್ತಿರುತ್ತವೆ. ಒಂದು ಡೇರಿಯಿಂದ ಫೋನ್ ಬಂದೇ ಬಂತು. "ಏನ್ ಸಾರ್ ಇದು, ಹೊಸದು ಹಾಕಿದ್ದೀವಿ ಅಂದ್ರಿ. ಬಟವಾಡೆ ಲಿಸ್ಟು ತೆಗೆಯೋಕೆ ಹೋದ್ರೆ ಹಂಗೇ ನಿಂತ್ಕತದೆ. ಜನ ಕಾಯ್ತಾ ನಿಂತವ್ರೆ."

ನನ್ನ ಕೇಳಿದರೆ ಹಂತದ ದಾರಿ ಸರಳ ಕ್ವೆರಿಗಳ ಸರ್ವರ್‌ಗೆ ಸರಿ, ರಿಪೋರ್ಟ್ ಇರುವ ಕಡೆ ಬೇಡ.

18ರಲ್ಲಿ ಆಟವೇ ಬದಲಾಯಿತು. ಪಿಜಿ_ಅಪ್‌ಗ್ರೇಡ್ ಈಗ ಅಂಕಿಅಂಶವನ್ನೂ ಹೊತ್ತು ತರುತ್ತದೆ, ಅದಕ್ಕೆ ಆಯ್ಕೆ ಏನೂ ಕೊಡಬೇಕಿಲ್ಲ. ಬೇಡ ಅಂದರೆ ನೋ-ಸ್ಟ್ಯಾಟಿಸ್ಟಿಕ್ಸ್ ಅನ್ನಬೇಕು. ಹೊಸ ಆವೃತ್ತಿಯ ಡಂಪ್ ಸಾಧನವೇ (ಡೇಟಾಬೇಸ್‌ನಲ್ಲಿರುವುದನ್ನು ಆದೇಶಗಳ ಫೈಲ್ ಆಗಿ ಬರೆದುಕೊಳ್ಳುವುದು) ಹಳೆ ಸರ್ವರ್‌ನಿಂದ ಓದುವುದರಿಂದ 13ರಿಂದ ನೇರ 18ಕ್ಕೆ ಹಾರಿದರೂ ಬರುತ್ತದೆ. ಸರ್ವರ್ ಎದ್ದ ತಕ್ಷಣ ಅದೇ ಬಟವಾಡೆ ಕ್ವೆರಿಗೆ ಎಕ್ಸ್‌ಪ್ಲೇನ್ ಹಾಕಿ ನೋಡಿದೆ. ಹಳೆ ಸರ್ವರ್‌ನ ಪ್ಲ್ಯಾನ್ ಪ್ರಿಂಟ್ ತೆಗೆದು ಪಕ್ಕದಲ್ಲಿಟ್ಟಿದ್ದೆ. ಅದೇ ಹ್ಯಾಶ್ ಜಾಯಿನ್ (ಹೆಚ್ಚು ಸಾಲು ಜೋಡಿಸಲು ಒಗ್ಗುವ ದಾರಿ), ಅದೇ ಅಂದಾಜು ಸಾಲುಗಳು. ಸಮಾಧಾನ ಆಯಿತು. ಬೇರೆ ಡೇಟಾಬೇಸ್‌ಗಳಲ್ಲಿ ಇದು ಹೊಸದಲ್ಲ. ಒರಾಕಲ್‌ನವರು ಅಂಕಿಅಂಶವನ್ನು ಟೇಬಲ್‌ಗೆ ತೆಗೆದು ಬೇರೆ ಕಡೆ ಹಾಕುವುದನ್ನು ಎಷ್ಟೋ ವರ್ಷದಿಂದ ಮಾಡುತ್ತಿದ್ದಾರೆ, ಮೈಎಸ್‌ಕ್ಯೂಎಲ್‌ನಲ್ಲಿ ಡೇಟಾ ಇಡುವ ಇನ್ನೊಡಿಬಿ ಭಾಗ 5.6ನೇ ಆವೃತ್ತಿಯಿಂದಲೇ ಇದನ್ನು ಮಾಮೂಲಿ ಟೇಬಲ್‌ನಲ್ಲಿ ಉಳಿಸುತ್ತದೆ. ನಮಗೆ ತಡವಾಗಿ ಬಂತು, ಬಂತಲ್ಲ.

ಎರಡು ಸಂಗತಿ ಮಾತ್ರ ಬರುವುದಿಲ್ಲ.

ಒಂದು, ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್ ಹಾಕಿ ನಾವೇ ಮಾಡಿಸಿದ, ಕಾಲಮ್‌ಗಳ ನಡುವಿನ ಸಂಬಂಧ ಹೇಳುವ ವಿಸ್ತೃತ ಅಂಕಿಅಂಶ. ಅದರ ವ್ಯಾಖ್ಯೆ ಬರುತ್ತದೆ, ಒಳಗಿನ ಲೆಕ್ಕ ಬರುವುದಿಲ್ಲ. ಇದು ನಮಗೆ ಚೆನ್ನಾಗಿಯೇ ತಟ್ಟುತ್ತದೆ. ತಾಲೂಕು ಮದ್ದೂರು, ಹೋಬಳಿ ಕೊಪ್ಪ ಅಂತ ಕೇಳಿದರೆ ಪ್ಲ್ಯಾನರ್ ಎರಡನ್ನೂ ಸಂಬಂಧವಿಲ್ಲದ ಷರತ್ತು ಅಂದುಕೊಂಡು ಗುಣಿಸುತ್ತದೆ. ಕೊಪ್ಪದವರು ಹೇಗೂ ಮದ್ದೂರಿನವರೇ ಅಲ್ವಾ, ಅಂದಾಜು ಸುಮ್ನೆ ಏಳನೇ ಒಂದಕ್ಕೆ ಇಳಿಯುತ್ತದೆ. ಇದಕ್ಕೆ ಡಿಪೆಂಡೆನ್ಸಿ ಬಗೆಯ (ಒಂದು ಕಾಲಮ್ ಗೊತ್ತಾದರೆ ಇನ್ನೊಂದು ಗೊತ್ತಾಗುತ್ತದೆ ಅನ್ನುವ) ಅಂಕಿಅಂಶ ಸಾಕು ಅನಿಸಬಹುದು. ಆದರೆ ಕಸಬಾ ಅನ್ನುವ ಹೋಬಳಿ ಎಲ್ಲ ತಾಲೂಕಿನಲ್ಲೂ ಇದೆ! ಹೋಬಳಿ ಹೆಸರು ನೋಡಿ ತಾಲೂಕು ಹೇಳೋಕೆ ಆಗುವುದಿಲ್ಲ. ಅದಕ್ಕೇ ನಾವು ಜೋಡಿಗಳನ್ನೇ ಎಣಿಸುವ ಎಂಸಿವಿ ಬಗೆ ಹಾಕಿದ್ದೇವೆ. ಅಪ್‌ಗ್ರೇಡ್ ಆದಮೇಲೆ ಅದು ಖಾಲಿ.

ಎರಡನೆಯದು, ಎಷ್ಟು ಸಾಲು ಸೇರಿತು, ಎಷ್ಟು ಅಳಿಯಿತು ಅನ್ನುವ ಚಟುವಟಿಕೆ ಲೆಕ್ಕ. ಇದು ಪ್ಲ್ಯಾನರ್‌ಗಲ್ಲ, ಆಟೋವ್ಯಾಕ್ಯೂಮ್‌ಗೆ ಬೇಕಾದದ್ದು. ಅದು ಸೊನ್ನೆಯಿಂದ ಶುರುವಾಗುತ್ತದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಸಾಲುಗಳ 10 ಶೇಕಡಾ, ಜೊತೆಗೆ 50, ಬದಲಾದ ಮೇಲೆಯೇ ಅನಲೈಸ್. ಕೋಟಿ ಸಾಲಿದ್ದರೆ ಹತ್ತು ಲಕ್ಷ ಬದಲಾಗುವ ತನಕ ಕಾಯಬೇಕು.

ಹಾಗಾಗಿ ಅಧಿಕೃತ ಕೈಪಿಡಿ ಹೇಳುವ ಎರಡು ಓಟ ಬಿಡಬೇಡಿ. ಮೊದಲು ಅನಲೈಸ್-ಇನ್-ಸ್ಟೇಜಸ್ ಜೊತೆ ಮಿಸ್ಸಿಂಗ್-ಸ್ಟ್ಯಾಟ್ಸ್-ಓನ್ಲಿ, ಅಂದರೆ ಲೆಕ್ಕ ಇಲ್ಲದವಕ್ಕೆ ಮಾತ್ರ. ಇದು 18ರಲ್ಲೇ ಬಂದ ಆಯ್ಕೆ. ಆಮೇಲೆ ಅನಲೈಸ್-ಓನ್ಲಿ, ಎಲ್ಲದಕ್ಕೂ. ಎರಡನೆಯದು ಜನ ಕೆಲಸ ಮಾಡುತ್ತಿರುವಾಗಲೂ ನಿಧಾನಕ್ಕೆ ಓಡಬಹುದು.

ಇಲ್ಲಿ ಒಂದು ಹಳ್ಳ ಇದೆ. 17ರ ಕಾಲದ ಸ್ಕ್ರಿಪ್ಟ್ ಎಲ್ಲರ ಹತ್ತಿರವೂ ಇರುತ್ತದೆ. ಅದರಲ್ಲಿ ಬರೀ ಅನಲೈಸ್-ಇನ್-ಸ್ಟೇಜಸ್ ಅಂತಿರುತ್ತದೆ. ಅದನ್ನೇ 18ರ ಮೇಲೆ ಓಡಿಸಿದರೆ, ಹೊತ್ತು ತಂದ ಒಳ್ಳೆ ಲೆಕ್ಕವನ್ನು ಟಾರ್ಗೆಟ್ 1ರ 300 ಸಾಲಿನ ಲೆಕ್ಕದಿಂದ ಅಳಿಸಿ ಬರೆಯುತ್ತದೆ. ಮೂರನೇ ಸುತ್ತು ಮುಗಿಯುವ ತನಕ ಚೆನ್ನಾಗಿದ್ದ ಸರ್ವರ್ ಕೆಟ್ಟು ಕೂರುತ್ತದೆ. ಬೇಕಂತಲೇ ಪರೀಕ್ಷೆ ಸರ್ವರ್‌ನಲ್ಲಿ ಮಾಡಿ ನೋಡಿದೆವು, ಬಟವಾಡೆ ಕ್ವೆರಿ ಮೊದಲ ಸುತ್ತಿಗೇ ನೆಸ್ಟೆಡ್ ಲೂಪ್‌ಗೆ ಬಿತ್ತು.

ಡಂಪ್ ದಾರಿಯದು ಬೇರೆ ಗುಣ. ಪಿಜಿ_ಡಂಪ್ 18ರಲ್ಲೂ ತಾನಾಗಿ ಅಂಕಿಅಂಶ ತೆಗೆಯುವುದಿಲ್ಲ, ಸ್ಟ್ಯಾಟಿಸ್ಟಿಕ್ಸ್ ಆಯ್ಕೆಯನ್ನು ಬಾಯಿಬಿಟ್ಟು ಕೇಳಬೇಕು. ಅಪ್‌ಗ್ರೇಡ್‌ನಲ್ಲಿ ಬೇಡ ಅನ್ನಬೇಕು, ಡಂಪ್‌ನಲ್ಲಿ ಬೇಕು ಅನ್ನಬೇಕು. ಈ ಉಲ್ಟಾ ನಿಯಮ ನೆನಪಿಡಲು ನನಗಂತೂ ಕಿರಿಕಿರಿ. ಕೇಳಿದರೆ ಪ್ರತಿ ಟೇಬಲ್, ಕಾಲಮ್‌ಗೂ ಒಂದೊಂದು ಫಂಕ್ಷನ್ ಕರೆ ಫೈಲ್‌ನಲ್ಲಿ ಬರುತ್ತದೆ. ರಿಸ್ಟೋರ್ ಆದ ಕೂಡಲೇ ಪ್ಲ್ಯಾನ್ ಸರಿಯಾಗಿಯೇ ಇರುತ್ತದೆ, ಬಹುಪಾಲು. ಒಂದು ಸೂಕ್ಷ್ಮ ಮಾತ್ರ ಗಮನಿಸಿ. ಒಂದು ಪುಟಕ್ಕೆ (ಟೇಬಲ್ ಫೈಲ್‌ನ ಸಮ ಅಳತೆಯ ತುಂಡಿಗೆ) ಎಷ್ಟು ಸಾಲು ಅನ್ನುವ ಹಳೆ ಲೆಕ್ಕ ಹಿಡಿದು, ಅದನ್ನು ಈಗಿನ ಫೈಲ್ ಅಳತೆಗೆ ಗುಣಿಸಿ ಪ್ಲ್ಯಾನರ್ ಸಾಲು ಅಂದಾಜಿಸುತ್ತದೆ. ಹಳೆ ಟೇಬಲ್ ಅರ್ಧ ಖಾಲಿ ಜಾಗ ತುಂಬಿ ಊದಿಕೊಂಡಿದ್ದರೆ, ಹೊಸದು ರಿಸ್ಟೋರ್ ಆಗಿ ಗಟ್ಟಿಯಾಗಿರುತ್ತದೆ, ಅಂದಾಜು ಅರ್ಧಕ್ಕೆ ಇಳಿಯುತ್ತದೆ. ಒಂದು ಅನಲೈಸ್ ಆದರೆ ಸರಿಹೋಗುತ್ತದೆ. ಡಂಪ್‌ನಲ್ಲಿ ಸಾಲುಗಳು ಹೊಸದಾಗಿ ಸೇರುವುದರಿಂದ ಆಟೋವ್ಯಾಕ್ಯೂಮ್ ತಾನೇ ಬಂದು ಅದನ್ನು ಮಾಡುತ್ತದೆ, ತಾಯಿ ಟೇಬಲ್ ಬಿಟ್ಟು.

ಪಿಜಿ_ಬೇಸ್‌ಬ್ಯಾಕಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫೈಲ್‌ಗಳನ್ನೇ ನಕಲು ಮಾಡುವುದರಿಂದ ಪ್ಲ್ಯಾನರ್ ಅಂಕಿಅಂಶ, ವಿಸ್ತೃತವೂ ಸೇರಿ, ಎಲ್ಲ ಬರುತ್ತದೆ. ಸ್ಟ್ಯಾಂಡ್‌ಬೈ, ಅಂದರೆ ಮುಖ್ಯ ಸರ್ವರ್‌ನ ನಕಲಾಗಿ ಓಡುವ ಇನ್ನೊಂದು ಸರ್ವರ್, ಕೂಡ ಹಾಗೆಯೇ. ಚಟುವಟಿಕೆ ಲೆಕ್ಕ ಮಾತ್ರ ಸೊನ್ನೆ. ಆದರೆ ಆವೃತ್ತಿ ದಾಟಲು ಆಗುವುದಿಲ್ಲ. ಡೇಟಾದ ಬದಲಾವಣೆಗಳನ್ನು ಇನ್ನೊಂದು ಸರ್ವರ್‌ಗೆ ಕಳಿಸುತ್ತಲೇ ಇರುವ ಲಾಜಿಕಲ್ ರೆಪ್ಲಿಕೇಶನ್‌ನಲ್ಲಿ ಹೊಸ ಸರ್ವರ್ ಮೊದಲೇ ಓಡುತ್ತಿರುವುದರಿಂದ ಹಗಲಲ್ಲೇ ಪೂರ್ತಿ ಅನಲೈಸ್ ಮಾಡಿ ಕಾಯಬಹುದು. ಇನ್ನೊಂದು ಯಂತ್ರಕ್ಕೆ ದುಡ್ಡಿದ್ದವರಿಗೆ ಅದು ಸೊಗಸು.

ಬ್ಯಾಕಪ್‌ಗೆ ನಾವೀಗ ಬೇಸ್‌ಬ್ಯಾಕಪ್, ಜೊತೆಗೆ ಅಂಕಿಅಂಶ ಸೇರಿದ ಡಂಪ್ ಇಟ್ಟಿದ್ದೇವೆ. ಆವೃತ್ತಿ ಬದಲಿಸಲು 18ರ ಪಿಜಿ_ಅಪ್‌ಗ್ರೇಡ್.

ಸ್ಟ್ಯಾಟಿಸ್ಟಿಕ್ಸ್-ಓನ್ಲಿ ಅನ್ನುವ ಇನ್ನೊಂದು ಆಯ್ಕೆ ಇದೆ, ಡೇಟಾ ಬಿಟ್ಟು ಲೆಕ್ಕ ಮಾತ್ರ ತೆಗೆಯುವುದು. ಡೇಟಾ ಇಲ್ಲದೆ ನಿಜ ಸರ್ವರ್‌ನ ಪ್ಲ್ಯಾನ್ ಲ್ಯಾಪ್‌ಟಾಪ್‌ನಲ್ಲಿ ನೋಡಬಹುದು ಅಂತ ಆಸೆಪಟ್ಟೆ. ಖಾಲಿ ಟೇಬಲ್ ಮೇಲೆ ಅದು ನಡೆಯುವುದಿಲ್ಲ. ಫೈಲ್ ಅಳತೆ ಸೊನ್ನೆ, ಹಾಗಾಗಿ ಸಾಲೂ ಸೊನ್ನೆ ಅಂದುಕೊಳ್ಳುತ್ತದೆ. ಸುಳ್ಳು ಡೇಟಾ ತುಂಬಿ, ಆಟೋವ್ಯಾಕ್ಯೂಮ್ ನಿಲ್ಲಿಸಿ, ಆಮೇಲೆ ಲೆಕ್ಕ ಹಾಕಿದರೆ ಸುಮಾರು ಹತ್ತಿರ ಬರುತ್ತದೆ.

ಹೊರಗಿನ ಒಬ್ಬ ಸಲಹೆಗಾರರು ಈ ಫೈಲ್ ಕೇಳಿದರು. "ಡೇಟಾ ಏನೂ ಇರಲ್ಲ, ಕಳಿಸಿ ಸಾರ್" ಅಂದರು. ಕಳಿಸುವ ಮುಂಚೆ ತೆರೆದು ನೋಡಿದೆ. ಹೆಚ್ಚು ಬರುವ ಬೆಲೆಗಳ ಪಟ್ಟಿ, ಬೆಲೆಗಳು ಹೇಗೆ ಹರಡಿವೆ ಅಂತ ಹೇಳುವ ಹಿಸ್ಟೋಗ್ರಾಮ್‌ನ ಗಡಿಗಳು, ಎರಡರಲ್ಲೂ ಇರುವುದು ಟೇಬಲ್‌ನ ನಿಜವಾದ ಬೆಲೆಗಳೇ. ಮೊಬೈಲ್ ನಂಬರ್ ಕಾಲಮ್‌ಗೆ 101 ಗಡಿ, ಅಂದರೆ 101 ರೈತರ ನಿಜ ನಂಬರ್. ಬ್ಯಾಂಕ್ ಖಾತೆ ಸಂಖ್ಯೆಯದೂ ಅದೇ ಕಥೆ. ಆ ಕಾಲಮ್‌ಗಳ ಸಾಲುಗಳನ್ನು ಫೈಲ್‌ನಿಂದ ಕಿತ್ತು ಹಾಕಿ, ತಾಲೂಕು, ಹೋಬಳಿ, ತಾರೀಖಿನವು ಮಾತ್ರ ಕಳಿಸಿದೆ.