ಜಂಟಿ ಅಧಿವೇಶನವೋ, ಜಂಟಿ ಸಮಿತಿಯೋ?

ಕಲಬುರಗಿಯ ಚರ್ಚಾ ಸ್ಪರ್ಧೆಯಲ್ಲಿ ಒಂದು ಮಸೂದೆ ಮೇಲೆ ಸಂಸತ್ತಿನ ಎರಡು ಸದನಗಳಿಗೆ ಹೊಂದಾಣಿಕೆ ಆಗದಾಗ ಬಿಕ್ಕಟ್ಟು ಬಿಡಿಸೋಕೆ ಯಾವ ದಾರಿ ಪರ ಮಾತಾಡಲಿ ಅಂತ ಯೋಚಿಸುತ್ತಿದ್ದೀರಾ? ಜಂಟಿ ಅಧಿವೇಶನ ಬೇಗ ಮುಗಿಯುತ್ತದೆ. 2002ರಲ್ಲಿ ಪೋಟಾ (ಭಯೋತ್ಪಾದನೆ ತಡೆ) ಮಸೂದೆಯನ್ನು ರಾಜ್ಯಸಭೆ ತಳ್ಳಿಹಾಕಿತು, ಆಮೇಲೆ ಎರಡೂ ಸದನ ಒಟ್ಟಿಗೆ ಕೂತು 425–296 ಮತಗಳಿಂದ ಪಾಸು ಮಾಡಿದವು. ಆದರೂ ಜಗಳ ಮುಗಿಯಲಿಲ್ಲ, 2004ರಲ್ಲಿ ಹೊಸ ಸರ್ಕಾರ ಬಂದು ಆ ಕಾನೂನನ್ನೇ ತೆಗೆದುಹಾಕಿತು. ಸದಸ್ಯರ ಸಂಖ್ಯೆ ಜಾಸ್ತಿ ಇರುವ ಲೋಕಸಭೆಯದ್ದೇ ಇಲ್ಲಿ ಮೇಲುಗೈ, ಅಲ್ವಾ? ಸಂವಿಧಾನ ತಿದ್ದುಪಡಿಗಂತೂ ಈ ದಾರಿಯೇ ಇಲ್ಲ (ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ 371ಜೆ ವಿಧಿ ಕೂಡ ಎರಡೂ ಸದನಗಳಲ್ಲಿ ಬೇರೆ ಬೇರೆಯಾಗಿಯೇ ಪಾಸಾಗಬೇಕಿತ್ತು).

ಎರಡೂ ಸದನಗಳ ಕೆಲವು ಸದಸ್ಯರು ಕೂತು ಮಸೂದೆ ಪರಿಶೀಲಿಸುವ ಜಂಟಿ ಸಮಿತಿ ನಿಧಾನ. ವಕ್ಫ್ ಮಸೂದೆ 2024ರ ಆಗಸ್ಟ್‌ನಲ್ಲಿ ಸಮಿತಿಗೆ ಹೋಗಿ 2025ರ ಏಪ್ರಿಲ್‌ನಲ್ಲಿ ಪಾಸಾಯಿತು. ಅಲ್ಲೂ ಬಹುಮತ ಆಳುವವರದ್ದೇ. ಆದರೆ ಹೊರಗಿನವರ ಮಾತು ದಾಖಲಾಗುತ್ತದೆ, ಒಪ್ಪದವರು ಬರೆದು ಕೊಡಬಹುದು. ನಾನಾದರೆ ಸಮಿತಿ ಪರ. ಜಂಟಿ ಅಧಿವೇಶನದಿಂದ ಜಗಳ ಮುಗಿಯಲ್ಲ ಅನ್ನೋದಕ್ಕೆ ಪೋಟಾ ಕಥೆಯನ್ನು ಮೊದಲೇ ಹೇಳಿಬಿಡಿ.