ಔಟ್‌ಬೋರ್ಡ್ ಇಂಜಿನ್ ಬಿಸಿಯಾದರೆ ಯಾವ ಪಂಪ್ ಕಿಟ್? ಮೂರನ್ನೂ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ನನ್ನ ಮತ ಕಂಪನಿಯ ಪೂರ್ತಿ ವಾಟರ್ ಪಂಪ್ ಕಿಟ್‌ಗೆ. ಲೋಕಲ್ ಕಿಟ್ ಅದರ ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತದೆ. ಹಳೆಯ ಪಂಪಿಗೆ ಬರೀ ಕಂಪನಿ ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ರಬ್ಬರ್ ರೆಕ್ಕೆಚಕ್ರ) ಹಾಕಿಸಿದರೆ ಖರ್ಚು ಇವೆರಡರ ನಡುವೆ ನಿಲ್ಲುತ್ತದೆ. ನಮ್ಮದು ನಾಡದೋಣಿ, ಹಿಂಬದಿಗೆ ಸಿಕ್ಕಿಸಿದ್ದು ಸೀಮೆಎಣ್ಣೆಯಲ್ಲಿ ಓಡುವ 9.9 ಎಚ್‌ಪಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್. ಜೂನ್ 1ರಿಂದ ಜುಲೈ 31ರವರೆಗೆ ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ದೊಡ್ಡ ಬೋಟುಗಳು ದಡದಲ್ಲಿ ನಿಂತಿರುವಾಗ 10 ಎಚ್‌ಪಿ ಒಳಗಿನ ನಮಗೆ ಕಡಲಿಗಿಳಿಯಲು ಅವಕಾಶ. ವರ್ಷದ ದುಡಿಮೆಯ ದೊಡ್ಡ ಪಾಲು ಬರುವುದೇ ಆಗ. ಗಂಗೊಳ್ಳಿ ಅಳಿವೆಯ ನೀರಿನಲ್ಲಿ ಕೆಂಪು ಮಣ್ಣು, ಮರಳು ಅತಿ ಹೆಚ್ಚಿರುವುದೂ ಆಗಲೇ. ಇಂಜಿನ್ ತಣ್ಣಗಾಗಬೇಕಾದದ್ದು ಪಂಪ್ ಎಳೆದುಕೊಡುವ ಅದೇ ನೀರಿನಿಂದ.

ಲೋಕಲ್ ಕಿಟ್ ಹಾಕಿದ ಹೊಸತರಲ್ಲಿ ಯಾವ ತಕರಾರೂ ಇರಲಿಲ್ಲ. ಆಮೇಲೆ ಶುರುವಾದ ಕಾಟ ಹೀಗಿತ್ತು. ನಿಧಾನಕ್ಕೆ ಹೋಗುವಾಗ ಇಂಜಿನ್ ಹಿಂದಿನ ತೂತಿನಿಂದ ನೀರು ಚೆನ್ನಾಗಿಯೇ ಚಿಮ್ಮುತ್ತಿತ್ತು. ಅಳಿವೆ ದಾಟಲೆಂದು ಎಕ್ಸಲೇಟರ್ ಏರಿಸಿದರೆ ಧಾರೆ ನೂಲಿನಷ್ಟಾಗಿ, ಇಂಜಿನ್ ಶಕ್ತಿ ಇಳಿಯುತ್ತಿತ್ತು. ಮತ್ತೆ ನಿಧಾನ ಮಾಡಿದರೆ ಏನೂ ಆಗೇ ಇಲ್ಲವೆಂಬಂತೆ ನೀರು. ತೆರೆ ಒಡೆಯುವ ಜಾಗದಲ್ಲೇ ಶಕ್ತಿ ಬೇಕಾದದ್ದು, ಅಲ್ಲೇ ಕೈಕೊಡುತ್ತಿತ್ತು.

ನೀರು ಬರುತ್ತಿದೆಯಲ್ಲ, ಹಾಗಾದರೆ ಪಂಪ್ ಸರಿ ಇದೆ ಎಂದೇ ಎಲ್ಲರೂ ಹೇಳಿದರು. ತೂತಿಗೆ ದಪ್ಪ ನೈಲಾನ್ ದಾರ ತೂರಿಸಿ ಸ್ವಚ್ಛ ಮಾಡಿದ್ದಾಯಿತು. ನೀರು ಒಳಗೆಳೆಯುವ ಜಾಳಿಗೆಯಲ್ಲಿ ಪ್ಲಾಸ್ಟಿಕ್ ಸಿಕ್ಕಿದೆಯೇ ಎಂದು ನೋಡಿದ್ದಾಯಿತು. ಕಾವೇರಿದಾಗ ತೆರೆದು ನೀರು ಬಿಡುವ ಥರ್ಮೋಸ್ಟಾಟ್ ಬಿಚ್ಚಿ ಬಿಸಿನೀರಿಗೆ ಹಾಕಿದರೆ ಸರಿಯಾಗಿ ಬಾಯಿ ಬಿಟ್ಟಿತು. ಸಿಗಡಿ ಸಿಗುವ ದಿನಗಳು ಒಂದೊಂದಾಗಿ ಕೈಬಿಟ್ಟು ಹೋಗುತ್ತಿದ್ದವು.

ಕೊನೆಗೆ ಇಂಜಿನ್ನಿನ ಕೆಳತುದಿಯ ಗೇರ್ ಕೇಸ್ ಇಳಿಸಿ ಪಂಪ್ ಬಿಚ್ಚಿದರೆ ಇಂಪೆಲ್ಲರಿನ ಒಂದು ರೆಕ್ಕೆಯೂ ಹರಿದಿರಲಿಲ್ಲ. ಮೆಕ್ಯಾನಿಕ್ ಅದರ ನಡುವಿನ ಹಿತ್ತಾಳೆ ಬುಶ್ಶನ್ನು ಇಕ್ಕಳದಲ್ಲಿ ಹಿಡಿದು ರಬ್ಬರನ್ನು ಬಲವಾಗಿ ತಿರುಚಿದರು. ಬುಶ್ ಅಲ್ಲೇ ನಿಂತಿತು, ರಬ್ಬರ್ ಮಾತ್ರ ತಿರುಗಿತು. ಎರಡನ್ನೂ ಹಿಡಿದಿಟ್ಟ ಅಂಟು ಕಾವಿಗೆ ಬಿಟ್ಟುಕೊಂಡಿತ್ತು. ಭಾರ ಕಡಿಮೆ ಇದ್ದಾಗ ಬುಶ್ ರಬ್ಬರನ್ನು ಎಳೆದುಕೊಂಡು ತಿರುಗುತ್ತದೆ, ವೇಗ ಏರಿದರೆ ಒಳಗೊಳಗೇ ಜಾರುತ್ತದೆ. ಬರೀ ರೆಕ್ಕೆ ನೋಡಿ ಮುಚ್ಚಿದ್ದರೆ ಇದು ಸಿಗುತ್ತಿರಲಿಲ್ಲ. ಹೊಸ ಇಂಪೆಲ್ಲರನ್ನು ಅಂಗಡಿಯಲ್ಲೇ ತಿರುಚಿ ನೋಡಿದರೂ ಗೊತ್ತಾಗುವುದಿಲ್ಲ, ಅದು ಬಿಡುವುದು ಬಿಸಿ ತಿಂದ ಮೇಲೆಯೇ. ನಿಮಗೂ ನಿಧಾನದಲ್ಲಿ ನೀರು, ವೇಗದಲ್ಲಿ ಇಲ್ಲ ಎಂದಾದರೆ ಈ ಪರೀಕ್ಷೆ ಮಾಡಿಯೇ ಮಾಡಿ.

ಗೇರ್ ಕೇಸ್ ಇಳಿಸುವುದು ಸಣ್ಣ ಕೆಲಸವಲ್ಲ. ಅಲ್ಯೂಮಿನಿಯಂ ಒಳಗೆ ಸ್ಟೀಲ್ ಬೋಲ್ಟ್, ಮೇಲೆ ಉಪ್ಪುನೀರು, ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಬಲ ಹಾಕಿದರೆ ಬೋಲ್ಟಿನ ತಲೆ ಮುರಿದು, ಕೊರೆದು ತೆಗೆಯಬೇಕಾಗುತ್ತದೆ. ಗ್ರೀಸ್ ಹಚ್ಚಿ ಕೂರಿಸಿದ್ದರೆ ಮಾತ್ರ ಸಲೀಸು. ಅಗ್ಗದ ಕಿಟ್ ಹಾಕಿದರೂ ದುಬಾರಿಯದು ಹಾಕಿದರೂ ಈ ಕೂಲಿ ಒಂದೇ, ಎರಡು ಸಲ ಇಳಿಸಿದರೆ ಕೂಲಿಯೂ ಎರಡು ಸಲ. ಲೋಕಲ್ ಕಿಟ್ಟಿನಲ್ಲಿ ಉಳಿದ ಹಣ ಅಲ್ಲಿಗೇ ಮುಗಿಯಿತು.

ಅದಾದ ಮೇಲೆ ಹಾಕಿದ್ದು ಬರೀ ಕಂಪನಿ ಇಂಪೆಲ್ಲರ್. ರಬ್ಬರ್ ಒಳ್ಳೆಯದೇ, ಬುಶ್ ಜಾರಲಿಲ್ಲ. ಆದರೆ ಅದು ತಿರುಗುವ ಸ್ಟೀಲ್ ಕಪ್ಪನ್ನು ಮರಳು ಮೊದಲೇ ಗೀರಿತ್ತು. ಉಗುರು ಎಳೆದರೆ ತಡೆಯುವಷ್ಟು ಗೀರಿದ್ದರೆ ನೀರು ಅಲ್ಲೇ ಸೋರಿ ಒತ್ತಡ ಸಿಗುವುದಿಲ್ಲ. ತಿಳಿನೀರಿನ ಹಿನ್ನೀರಿನಲ್ಲಿ ದೋಣಿ ಬಿಡುವವರಿಗೆ ಇದು ಸಾಕು.

ಪೂರ್ತಿ ಕಿಟ್‌ನಲ್ಲಿ ಕಪ್, ಕೆಳಗಿನ ಪ್ಲೇಟ್, ಇಂಪೆಲ್ಲರನ್ನು ಶಾಫ್ಟಿಗೆ ಕಚ್ಚಿಸುವ ಕೀ, ಗ್ಯಾಸ್ಕೆಟ್ ಎಲ್ಲ ಹೊಸದು. ಈಗ ಎಕ್ಸಲೇಟರ್ ಪೂರ್ತಿ ಏರಿಸಿದರೂ ಧಾರೆ ಗಟ್ಟಿಯಾಗಿಯೇ ಬರುತ್ತದೆ. ಕೂರಿಸುವಾಗ ಶಾಫ್ಟ್ ತಿರುಗುವ ದಿಕ್ಕಿಗೇ ತಿರುಗಿಸುತ್ತ ಇಳಿಸಬೇಕು, ಇಲ್ಲದಿದ್ದರೆ ರೆಕ್ಕೆ ಉಲ್ಟಾ ಮಡಚುತ್ತದೆ. ಹಳೆಯದರ ರೆಕ್ಕೆ ತುಂಡಾಗಿದ್ದರೆ ಆ ತುಂಡು ಸಿಗುವವರೆಗೆ ಹುಡುಕಿ. ಅದು ಮೇಲೆ ಹೋಗಿ ನೀರಿನ ದಾರಿಯಲ್ಲಿ ಕೂತರೆ ಹೊಸ ಪಂಪ್ ಇದ್ದೂ ಇಂಜಿನ್ ಬಿಸಿಯಾಗುತ್ತದೆ.

ನಾನು ದಿನವೂ ಅಳಿವೆ ದಾಟುವವನು, ವಾಪಸು ಬಂದ ಮೇಲೆ ಡ್ರಮ್ಮಿನ ಸಿಹಿನೀರಿನಲ್ಲಿ ಇಂಜಿನ್ ಓಡಿಸಿ ಉಪ್ಪು ತೊಳೆಯುವವನು. ಅಷ್ಟು ಮಾಡಿಯೂ ಪ್ರತಿ ಮೇ ಕೊನೆಗೆ ಕಂಪನಿಯ ಪೂರ್ತಿ ಕಿಟ್ ಹಾಕಿಸುತ್ತೇನೆ. ಬಿಚ್ಚಿದ ಇಂಪೆಲ್ಲರ್ ಚೆನ್ನಾಗಿದ್ದರೆ ದೋಣಿಯಲ್ಲೇ ಸ್ಪೇರ್ ಆಗಿ ಇರುತ್ತದೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದ ವರ್ಷ ದೋಣಿಗೆ ಬಣ್ಣ ಬಳಿಸುವುದನ್ನು ಮುಂದಕ್ಕೆ ಹಾಕುತ್ತೇನೆ, ಕಿಟ್ ಹಾಕಿಸುವುದನ್ನಲ್ಲ.